ವಾಂತಿ ಬಂತೋ, ಆತೋ?

ಪ್ರಥಮ ಪಿಯುಸಿಯ ವಿದ್ಯಾರ್ಥಿಯೊಬ್ಬ ರಜೆ ಅರ್ಜಿಯಲ್ಲಿ ‘ನನಗೆ ರಾತ್ರಿ ವಾಂತಿ ಬಂದ ಕಾರಣ’ ಎಂದು ಬರೆದಿದ್ದ. ಅದನ್ನು ನೋಡಿದ ಗೆಳೆಯ ‘ಬರೇ ಬಂತೋ, ಆತೋ?’ ಎಂದು ಕೇಳಿ ನಗಿಸಿದ. ಕೇಳಿದ್ದು ತಮಾಷೆಗೆ, ಆದರೆ ಪ್ರಶ್ನೆ ಸರಿಯಾದದ್ದೇ.

‘ವಾಂತಿ’ ಸಂಸ್ಕೃತದಿಂದ ಬಂದ ನಾಮಪದ. ಆಯುರ್ವೇದದ ‘ವಮನ’ವೂ ಅದೇ ಧಾತುವಿನದು. ನಾಮಪದವಾದ್ದರಿಂದ ಅದಕ್ಕೊಂದು ಕನ್ನಡ ಕ್ರಿಯಾಪದ ಜೊತೆಗೆ ಬೇಕು. ‘ನನಗೆ ವಾಂತಿ ಬರಾಕತ್ತೈತಿ’ ಎಂದರೆ ಹೊಟ್ಟೆ ತೊಳಸುತ್ತಿದೆ, ಇನ್ನೂ ಹೊರಗೆ ಬಂದಿಲ್ಲ. ‘ನನಗೆ ವಾಂತಿ ಆತು’ ಎಂದರೆ ಆಗಿಹೋಯಿತು. ಎರಡರಲ್ಲೂ ‘ನನಗೆ’ ಎಂಬ ಚತುರ್ಥಿ ವಿಭಕ್ತಿಯಿದೆ. ಅನುಭವಿಸಿದವನು ನಾನು, ಮಾಡಿದವನಲ್ಲ. ‘ನಾನು ವಾಂತಿ ಮಾಡಿದೆ’ ಎಂದಾಗ ಮಾತ್ರ ನಾನು ಕರ್ತೃ. ತೊಡಕಿರುವುದು ‘ಬಂತು’ ಎಂಬಲ್ಲಿ. ಕೆಲವರಿಗೆ ಅದು ಬರೀ ವಾಕರಿಕೆ, ಕೆಲವರಿಗೆ ನಿಜವಾದ ವಾಂತಿ.

ಈ ತೊಡಕು ದವಾಖಾನೆಯಲ್ಲಿ ದುಬಾರಿಯಾಗಬಹುದು. ನಮ್ಮ ಓಣಿಯ ಅಜ್ಜಿಯೊಬ್ಬರು ಮೊಮ್ಮಗನನ್ನು ಕರೆದುಕೊಂಡು ಹೋಗಿ ‘ನಿನ್ನೆಯಿಂದ ವಾಂತಿ ಬರಾಕತ್ತಾವ್ರೀ’ ಅಂದರು. ಬೇರೆ ಊರಿನಿಂದ ಬಂದಿದ್ದ ವೈದ್ಯರು ಬರೀ ವಾಕರಿಕೆ ಎಂದು ತಿಳಿದು ಮಾತ್ರೆ ಬರೆಯತೊಡಗಿದರು. ಹುಡುಗನ ಒಣಗಿದ ನಾಲಿಗೆ ನೋಡಿ ‘ಎಷ್ಟು ಸಲ ಆಯ್ತು?’ ಎಂದು ಕೇಳಿದ್ದಕ್ಕೆ ಆರು ಸಲ ಎಂಬುದು ಹೊರಬಿತ್ತು. ಆದ್ದರಿಂದ ವೈದ್ಯರೆದುರು ಎಷ್ಟು ಸಲ ಆಯಿತು, ಯಾವ ಬಣ್ಣ, ರಕ್ತ ಇತ್ತೇ, ಮೂತ್ರ ಹೋಗಿದೆಯೇ ಎಂಬುದನ್ನು ಬಿಡಿಸಿ ಹೇಳಿ. ನಾಚಿಕೆ ಬೇಡ. ಅಲ್ಲಿಯವರೆಗೆ ಒಆರ್‌ಎಸ್: ದೊಡ್ಡ ಪೊಟ್ಟಣವಾದರೆ ಪೂರ್ತಿ 1 ಲೀಟರ್ ಶುದ್ಧ ನೀರಿಗೆ ಹಾಕಬೇಕು, ಅರ್ಧ ಗ್ಲಾಸಿಗಲ್ಲ. ಕುಡಿದದ್ದು ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಚಮಚದಿಂದ ನಿಧಾನವಾಗಿ ಮತ್ತೆ ಕುಡಿಸಬೇಕು.

ನಮ್ಮಲ್ಲಿ ಹಲವರ ಮನೆಯ ದಖನಿಯಲ್ಲಿ ಇದು ‘ಉಲ್ಟಿ’. ತಿರುವುಮುರುವು ಆಗುವುದು ಎಂಬ ಅರ್ಥದ ಮಾತು. ಕನ್ನಡದ ‘ಉಲ್ಟಾ’ ಅದರ ಬಂಧು. ಹಿರಿಯರು ‘ಖೈ’ ಎನ್ನುತ್ತಾರೆ, ಅದು ಅರಬ್ಬಿ ಪದ. ರಮಜಾನಿನಲ್ಲಿ ಕೇಳುವ ಪ್ರಶ್ನೆಯೂ ಇದೇ ವ್ಯಾಕರಣದ್ದು: ಖೈ ತಾನಾಗಿ ಆಯಿತೋ, ಬೇಕೆಂದು ಮಾಡಿಕೊಂಡದ್ದೋ? ತಾನಾಗಿ ಆದದ್ದಕ್ಕೆ ರೋಜಾ ಮುರಿಯುವುದಿಲ್ಲ. ಉಳಿದ ವಿವರ ಮೌಲಾನಾರನ್ನು ಕೇಳಿ, ಕನ್ನಡ ಮೇಷ್ಟ್ರನ್ನಲ್ಲ.

ಅಚ್ಚಗನ್ನಡದಲ್ಲಿ ‘ಕಾರು’, ‘ಕಕ್ಕು’, ‘ಓಕರಿಸು’ ಇವೆ. ತಮಿಳಿನಲ್ಲೂ ‘ಕಕ್ಕು’ ಇದೆ, ಮರಾಠಿಯಲ್ಲಿ ‘ಓಕಾರಿ’ ಇದೆ. ‘ಕೂಸು ಹಾಲು ಕಕ್ಕಿತು’ ಎನ್ನುತ್ತೇವೆ. ಅಲ್ಲಿ ‘ವಾಂತಿ ಮಾಡಿತು’ ಎಂದರೆ ತಾಯಿ ಗಾಬರಿಯಾಗುತ್ತಾಳೆ. ‘ಕಾರು’ ಸಿಟ್ಟಿನ ಕಡೆ ವಾಲಿದೆ: ವಿಷ ಕಾರುವುದು, ಬೆಂಕಿ ಕಾರುವುದು. ‘ಕಕ್ಕಿಸು’ ಎಂಬುದು ನುಂಗಿದ ದುಡ್ಡನ್ನು ವಸೂಲು ಮಾಡುವವರ ಮಾತು. ಅಂದಹಾಗೆ ಕಾರಹುಣ್ಣಿಮೆಯ ‘ಕಾರು’ ಬೇರೆ, ಅದು ಮಳೆಗಾಲ. ಬಾದಾಮಿಗೆ ಹೋಗುವ ಬಾಡಿಗೆ ಕಾರು ಇನ್ನೂ ಬೇರೆ, ಅದರಲ್ಲಿ ಕೂತು ಕಾರಿಕೊಂಡವರು ನಮ್ಮಲ್ಲೇ ಇದ್ದರೂ ಸರಿ.

ಹುನಗುಂದ, ಇಳಕಲ್ಲ ಕಡೆಯಿಂದ ಬರುವವರ ಮನೆಗಳಲ್ಲಿ ಇದಕ್ಕೆ ಬೇರೆ ಮಾತಿದ್ದರೆ ಅಜ್ಜಿಯನ್ನು, ನಾನಿಯನ್ನು ಕೇಳಿ ಒಂದು ವಾಕ್ಯದಲ್ಲಿ ಬಳಸಿ ಬರೆದು ಕನ್ನಡ ವಿಭಾಗಕ್ಕೆ ತಂದುಕೊಡಿ. ಆ ರಜೆ ಅರ್ಜಿಯ ಹುಡುಗ ಈಗಾಗಲೇ ಎರಡು ತಂದಿದ್ದಾನೆ.