ಬದಲಾಗಬಲ್ಲ ಕಾರ್ಖಾನೆ

ಕಾರ್ಖಾನೆಯೆಂದ ಕೂಡಲೆ ನೆಲಕ್ಕೆ ಬಿಗಿದ ಯಂತ್ರಗಳೂ, ಅವುಗಳ ಮುಂದೆ ನಿಂತು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಜನರೂ ನಮ್ಮ ಕಣ್ಣ ಮುಂದೆ ಬರುವುದು ಸಹಜ. ಈ ಏರ್ಪಾಡಿನಿಂದ ವಸ್ತುಗಳ ಬೆಲೆ ತಗ್ಗಿತೆಂಬುದು ನಿಜವೇ. ಆದರೆ ಅದರ ದೋಷವೆಂತಹದೆಂಬುದನ್ನು ಅಮೆರಿಕದ ಫೋರ್ಡ್ ಕಂಪೆನಿಯ ಚರಿತ್ರೆಯಿಂದ ತಿಳಿಯಬಹುದು. ‘ಮಾಡೆಲ್ ಟಿ’ ಎಂಬ ಮೋಟಾರು ಗಾಡಿಯನ್ನು ಆ ಕಂಪೆನಿಯವರು 1908 ರಿಂದ 1927 ರ ವರೆಗೆ ಒಂದೂವರೆ ಕೋಟಿಯಷ್ಟು ಸಂಖ್ಯೆಯಲ್ಲಿ ತಯಾರಿಸಿದರು. ಅವರ ಯಂತ್ರಗಳು ಆ ಒಂದು ಗಾಡಿಗೆಂದೇ ರಚಿತವಾಗಿದ್ದುವು. ಜನರ ಅಭಿರುಚಿ ಬದಲಾಗಲು, 1927 ರ ಮೇ ತಿಂಗಳಲ್ಲಿ ಹಳೆಯ ಗಾಡಿಯನ್ನು ನಿಲ್ಲಿಸಬೇಕಾಯಿತು. ಹೊಸದು ಜನರ ಕಣ್ಣಿಗೆ ಬಿದ್ದುದು ಡಿಸೆಂಬರಿನಲ್ಲಿ. ಈ ನಡುವೆ ಡೆಟ್ರಾಯಿಟ್ ಪಟ್ಟಣದಲ್ಲಿ ಸಾವಿರಾರು ಮಂದಿ ಕೆಲಸವಿಲ್ಲದೆ ಕುಳಿತರು. ಯಂತ್ರವು ಬಗ್ಗದಿದ್ದುದರ ಭಾರವನ್ನು ಹೊತ್ತವರು ಕೆಲಸಗಾರರ ಮನೆಯವರೇ ಸರಿ.

ಮುಂದೆ, ಯಂತ್ರಗಳ ಕೆಲಸದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳನ್ನು ತಂತಿಗಳಿಂದ ಹೆಣೆದು ಗೊತ್ತುಮಾಡುತ್ತಿದ್ದರು. ಗಾಡಿಯ ರೂಪ ಬದಲಾದರೆ ಆ ತಂತಿಗಳನ್ನು ಬಿಚ್ಚಿ ಪುನಃ ಕಟ್ಟಬೇಕು. 1968 ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯವರು ಇದಕ್ಕೆ ಬದಲಾದ ಸಾಧನವೊಂದನ್ನು ಕೇಳಲು, ಡಿಕ್ ಮಾರ್ಲಿ ಎಂಬವರೂ ಅವರ ಸಂಗಡಿಗರೂ ‘ಮಾಡಿಕಾನ್ 084’ ಎಂಬುದನ್ನು ರಚಿಸಿದರು. (ಅದು ಅವರು ಕೈಕೊಂಡ 84 ನೆಯ ಕೆಲಸವಾದುದರಿಂದ ಆ ಅಂಕಿ.) ನಮ್ಮ ಶಾಲೆಯ ವೇಳಾಪಟ್ಟಿಯನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದರೆ, ಉಪಾಧ್ಯಾಯಿನಿಯೊಬ್ಬರು ರಜೆಯಲ್ಲಿರುವ ದಿನ ಗೋಡೆಯನ್ನೇ ಕೆರೆಯಬೇಕಾದೀತು, ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಒರಸಿ ಬರೆದರಾಯಿತು. ಮಾಡಿಕಾನ್ ಮಾಡಿದ ಉಪಕಾರವೂ ಇಂತಹದೇ. ತಂತಿ ಇದ್ದಂತೆಯೇ ಇರುವುದು, ಸೂಚನೆ ಮಾತ್ರ ಬದಲಾಗುವುದು.

ಜರ್ಮನಿಯ ಕೈಸರ್ಸ್‌ಲೌಟರ್ನ್ ಪಟ್ಟಣದಲ್ಲಿ 2005 ರಲ್ಲಿ ಸ್ಥಾಪಿತವಾದ ‘ಸ್ಮಾರ್ಟ್ ಫ್ಯಾಕ್ಟರಿ’ ಎಂಬ ಸಂಸ್ಥೆಯವರು ಇನ್ನೂ ಮುಂದೆ ಹೋಗಿ, ಕಾರ್ಖಾನೆಯನ್ನೇ ಬಿಡಿಬಿಡಿ ಘಟಕಗಳನ್ನಾಗಿ ಮಾಡಿ ತೋರಿಸಿದ್ದಾರೆ. ಒಂದು ಘಟಕ ಕೆತ್ತುವುದು, ಇನ್ನೊಂದು ತೂಗುವುದು, ಮತ್ತೊಂದು ಜೋಡಿಸುವುದು. ಒಂದನ್ನು ತೆಗೆದು ಮತ್ತೊಂದನ್ನು ಆ ಸ್ಥಳದಲ್ಲಿಟ್ಟರೆ, ಅದು ತನ್ನಿಂದಾಗುವ ಕೆಲಸವನ್ನು ತಾನೇ ಉಳಿದವುಗಳಿಗೆ ತಿಳಿಸುವುದು. ತಯಾರಾಗುತ್ತಿರುವ ವಸ್ತುವೂ ಮೂಕವಲ್ಲ. ಅದರೊಡನೆ ಇರುವ ಸಣ್ಣ ಚಿಪ್ಪಿನಲ್ಲಿ ತನಗೇನು ಆಗಬೇಕೆಂಬುದು ಅಡಗಿದೆ. ಇದೆಲ್ಲ ಸಾಧ್ಯವಾಗಬೇಕಾದರೆ ಬೇರೆ ಬೇರೆ ಕಂಪೆನಿಗಳ ಘಟಕಗಳಿಗೆ ಒಂದೇ ಅಳತೆಯ ಕೊಂಡಿಯೂ ಒಂದೇ ಭಾಷೆಯೂ ಇರತಕ್ಕದ್ದು. ಯಂತ್ರವನ್ನು ರಚಿಸುವುದಕ್ಕಿಂತ ಪೈಪೋಟಿಯ ವ್ಯಾಪಾರಿಗಳನ್ನು ಈ ವಿಷಯದಲ್ಲಿ ಒಪ್ಪಿಸುವುದೇ ಕಠಿಣವೆಂದು ನಮಗೆ ತೋರುತ್ತದೆ.

ಕಾರ್ಖಾನೆಗಳು ಇಷ್ಟು ಜಾಣವಾದ ಮೇಲೆ ಇಂಜಿನಿಯರಿಂಗ್ ಕಲಿಯಹೊರಟ ಮಗಳಿಗೆ ಮಾಡಲು ಏನುಳಿದೀತೆಂದು ಪೋಷಕರು ನಮ್ಮನ್ನು ಕೇಳುವುದುಂಟು. ಅವರಿಗೆ ನಾವು ನಾರ್ವೆ ದೇಶದ ನಾರ್ಸ್ಕ್ ಹೈಡ್ರೊ ಎಂಬ ಅಲ್ಯೂಮಿನಿಯಂ ಕಂಪೆನಿಯ ಸಂಗತಿಯನ್ನು ಹೇಳುತ್ತೇವೆ. 2019 ರ ಮಾರ್ಚಿಯಲ್ಲಿ ದುಷ್ಕರ್ಮಿಗಳು ಅದರ ಕಂಪ್ಯೂಟರುಗಳೊಳಗೆ ನುಗ್ಗಿ, ಕಡತಗಳಿಗೆ ಬೀಗ ಹಾಕಿ, ಹಣ ಕೇಳಿದರು. ಒಂದಕ್ಕೊಂದು ಕೂಡಿಕೊಂಡಿದ್ದುದರಿಂದಲೇ ಕೇಡು ದೂರದ ವರೆಗೆ ಹಬ್ಬಿತು. ಕಂಪೆನಿಯವರು ಹಣ ಕೊಡಲಿಲ್ಲ. ಅನೇಕ ಕಡೆಗಳಲ್ಲಿ ಕೆಲಸವನ್ನು ಕೈಯಿಂದಲೇ ನಡೆಸಿದರು. ನಿವೃತ್ತರಾಗಿದ್ದ ಹಳೆಯ ಕೆಲಸಗಾರರು ಸಹ ಬಂದು, ಕಂಪ್ಯೂಟರಿಲ್ಲದೆ ಯಂತ್ರವನ್ನು ನಡೆಸುವುದರಲ್ಲಿ ಕಿರಿಯರಿಗೆ ನೆರವಾದರು.