ಐತವಾರ ಹಗಲು ಫೋನು ಬೇಡ, ಮೇಧಾ

ಧಾರವಾಡ

ಚಿ. ಕು. ಮೇಧಾಳಿಗೆ ಕಾಕಾನ ಆಶೀರ್ವಾದಗಳು.

ಥಂಡಿಗೆ ನಿನ್ನ ಕಾಕುನ ಮೊಣಕಾಲು ನೋವು ತುಸು ಹೆಚ್ಚಾಗಿದೆ, ಚಿಂತಿಸುವಂಥದ್ದೇನಿಲ್ಲ. ನವೆಂಬರಿನ ಕೊನೆಗೆ ಟ್ಯೂಬಿಂಗೆನ್‌ನಲ್ಲಿ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ ಅಂದೆಯಲ್ಲ, ಅಂದಿನಿಂದ ಇಲ್ಲಿ ರಾತ್ರಿ ಒಂಬತ್ತಾದ ಕೂಡಲೇ ಕಾಕು ‘ಮೇಧಾನ ಕಡೆ ಕತ್ತಲಾತು’ ಅನ್ನುತ್ತಾಳೆ.

ನಿನ್ನ ಸುದ್ದಿಗಳನ್ನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತೇನೆ. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸ ಬರೆಸಬೇಕಾದದ್ದು. ನೀರಿನ ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಕೊಟ್ಟರೆ 25 ಸೆಂಟು ಮರಳಿ ಬರುವುದು. ಇದು ನನಗೆ ಬಹಳ ಹಿಡಿಸಿತು. ನಮ್ಮ ಕಾಲದ ಸೋಡಾ ಅಂಗಡಿಯವರೂ ಬಾಟಲಿಗೆ ಡಿಪಾಜಿಟ್ ಇಸಕೊಳ್ಳುತ್ತಿದ್ದರು.

ಮೆಟ್ಟಿಲಿನ ಸುದ್ದಿ ಮಾತ್ರ ನನ್ನ ನಿದ್ದೆ ಕೆಡಿಸಿತ್ತು. ಕೆಳಮನೆಯ ಅಜ್ಜಿ ನಿನ್ನ ಬಾಗಿಲಿಗೊಂದು ಹಲಗೆ ತೂಗುಹಾಕಿ, ಮೆಟ್ಟಿಲತ್ತ ಕೈ ತೋರಿಸಿ ಗಡಸಾಗಿ ಏನೋ ಅಂದರು, ನೀನು ಒಳಗೆ ಹೋಗಿ ಅತ್ತೆ. ಆ ಸೀಮೆಯಲ್ಲಿ ಇದ್ದು ಬಂದ ಗೆಳೆಯರನ್ನು ವಿಚಾರಿಸಿದೆ. ಅದಕ್ಕೆ ಕೇರ್‌ವೋಖೆ ಅನ್ನುತ್ತಾರಂತೆ. ಬಾಡಿಗೆ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು, ಮುಂಬಾಗಿಲ ಹಾದಿ ಗುಡಿಸುವುದು ವುರ್ಟೆಂಬರ್ಗ್ ಕಡೆಯ ಹಳೆಯ ವಾಡಿಕೆ. ವಾರ ಮುಗಿಯಿತೆಂದರೆ ಹಲಗೆ ಪಕ್ಕದ ಬಾಗಿಲಿಗೆ ಹೋಗುತ್ತದೆ. ಆಕೆ ಬೈದದ್ದಲ್ಲವ್ವಾ, ನಿನ್ನ ಪಾಳಿ ಬಂತೆಂದು ಹೇಳಿದ್ದು. ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕದೆ ಒಲೆ ಹಚ್ಚದ ಮನೆಯಲ್ಲಿ ಬೆಳೆದವಳು ನೀನು, ಆಕೆಯ ಮನಸ್ಸು ನಿನಗೆ ಅರ್ಥವಾಗದೇ ಇರದು. ಶನಿವಾರದೊಳಗೆ ಗುಡಿಸಿಬಿಡು.

ಇನ್ನು ಐತವಾರ. ಅಂಗಡಿಗಳೆಲ್ಲ ಮುಚ್ಚಿ ಊರು ಮೌನವಾಗುವುದನ್ನು ತಡೆಯಲಾಗುವುದಿಲ್ಲ ಅಂದೆ. ಜರ್ಮನಿಯ ಸಂವಿಧಾನವೇ ಐತವಾರವನ್ನು ವಿಶ್ರಾಂತಿಯ ದಿನವೆಂದು ಕಾಯುತ್ತದೆ, ಅದು ಬದಲಾಗುವಂಥದ್ದಲ್ಲ. ಆ ಮೌನ ತಡೆಯದೇ ನೀನು ಬೆಳಿಗ್ಗೆ ಹತ್ತಕ್ಕೆ ಎದ್ದು ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿಟ್ಟೆಯೆಂದರೆ ನಮ್ಮ ರಾತ್ರಿಯವರೆಗೂ ನಮ್ಮ ಸಂಗಡವೇ. ನಮಗಂತೂ ಅದೇ ಹಬ್ಬ. ಮಧ್ಯಾಹ್ನದ ನಿದ್ದೆ ಬಿಟ್ಟು ಎರಡೂವರೆಗೇ ಕಾದು ಕೂತಿರುತ್ತೇನೆ. ಹಾಗಿದ್ದೂ ಹೇಳುತ್ತೇನೆ, ಅದು ನಿನಗೆ ಒಳ್ಳೆಯದಲ್ಲ.

ಭಿಲಾಯಿಯ ಉಕ್ಕಿನ ಕಾರ್ಖಾನೆಗೆ ನೌಕರಿಗೆಂದು ಹೋದಾಗ ನನಗೂ ನಿನ್ನದೇ ವಯಸ್ಸು. ಅವ್ವ ಬರೆಸಿದ ಇನ್‌ಲ್ಯಾಂಡ್ ಪತ್ರ ಕೈಸೇರಲು ವಾರ ಹಿಡಿಯುತ್ತಿತ್ತು. ಪತ್ರ ಬಂದ ದಿನ ಧಾರವಾಡದಲ್ಲಿರುತ್ತಿದ್ದೆ, ಮಿಕ್ಕ ದಿನ ಭಿಲಾಯಿಯಲ್ಲೇ ಇರಬೇಕಾಗುತ್ತಿತ್ತು. ಹಾಗಿದ್ದುದರಿಂದಲೇ ಪಕ್ಕದ ಮನೆಯ ಛತ್ತೀಸಗಡಿ ತಾಯಿ ನನ್ನನ್ನು ಒಳಗೆ ಕರೆದು ಅಕ್ಕಿಹಿಟ್ಟಿನ ಫರಾ ಬಡಿಸಿದರು, ಜ್ವರ ಬಂದಾಗ ಹಣೆಗೆ ತಣ್ಣೀರು ಪಟ್ಟಿ ಹಾಕಿದರು. ನಾನು ದಿನವಿಡೀ ಊರಿನವರ ಮಾತಿನಲ್ಲೇ ಮುಳುಗಿದ್ದರೆ ಆ ಬಾಗಿಲು ತೆರೆಯುತ್ತಿತ್ತೋ ಇಲ್ಲವೋ.

ಆ ಟ್ಯೂಬಿಂಗೆನ್‌ಗೂ ನಮಗೂ ಹಳೆಯ ನಂಟಿದೆ. 1853ರಲ್ಲಿ ಇಪ್ಪತ್ತೊಂದರ ಹರೆಯದ ಫರ್ಡಿನೆಂಡ್ ಕಿಟೆಲ್ ಜರ್ಮನಿ ಬಿಟ್ಟು ನಮ್ಮ ಕಡೆಗೆ ಬಂದರು. ಮನೆಯ ಪತ್ರಗಳೆಲ್ಲ ಹಡಗಿನಲ್ಲಿ ಬರಬೇಕಾದ ಕಾಲ. ನಮ್ಮ ಜನರ ನಡುವೆ ಇದ್ದು, ಅವರ ಬಾಯಿಂದ ಕೇಳಿ, ಓಲೆಗರಿ ಓದಿ ಕಟ್ಟಿದ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನೀನು ಕಲಿಯುತ್ತಿರುವ ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಿನಲ್ಲಿ. ದೊಡ್ಡವರ ಹೆಸರು ಹೇಳಿ ನಿನ್ನ ಮೇಲೆ ಭಾರ ಹೊರಿಸುತ್ತಿಲ್ಲ. ನೀನು ನಿಘಂಟು ಬರೆಯುವುದು ಬೇಡ, ಕೆಳಮನೆಯ ಅಜ್ಜಿಯ ಜೊತೆ ನಾಲ್ಕು ಮಾತಾಡು ಸಾಕು.

ಆದ್ದರಿಂದ ಐತವಾರ ಹಗಲು ಫೋನು ಬೇಡ. ನೆಕರ್ ನದಿಯ ದಂಡೆಗುಂಟ ನಡೆದು ಬಾ. ನಿನ್ನ ಜರ್ಮನ್ ಮುರುಕಲಾಗಿದ್ದರೂ ಎದುರಾದವರ ಹತ್ತಿರ ಆಡು. ಹೊತ್ತು ಮುಳುಗಿದ ಮೇಲೆ ನಮಗೆ ಫೋನು ಹಚ್ಚು, ಊಟ ಮುಗಿಸಿ ಕೂತಿರುತ್ತೇವೆ. ಮೈಗೆ ಹುಷಾರಿಲ್ಲದಿದ್ದರೆ, ರೊಕ್ಕದ ಅಡಚಣೆಯಾದರೆ ಮಾತ್ರ ಹೊತ್ತು ನೋಡಬೇಡ, ನಡುರಾತ್ರಿಯಾದರೂ ಎಬ್ಬಿಸು.

ಪೇಢೆ ಕಳಿಸೋಣವೆಂದಿದ್ದೆ, ಹಾಲಿನ ಪದಾರ್ಥವನ್ನು ಅಲ್ಲಿ ಒಳಗೆ ಬಿಡುವುದಿಲ್ಲವಂತೆ. ಕಾಕು ಶೇಂಗಾ ಚಟ್ನಿಪುಡಿ ಕುಟ್ಟಿ ಎರಡು ಪೊಟ್ಟಣ ಕಟ್ಟಿದ್ದಾಳೆ. ಖಾರ ಕಡಿಮೆ ಇರುವುದು ಅಜ್ಜಿಗೆ. ಶೇಂಗಾ ಅವರ ಮೈಗೆ ಒಗ್ಗುತ್ತದೆಯೋ ಎಂದು ಮೊದಲು ಕೇಳಿ ಕೊಡು.

ನಿನ್ನ ಪ್ರೀತಿಯ
ಕಾಕಾ