ಪಾಠ: ಊಟದ ಮೊದಲೋ, ಊಟದ ನಂತರವೋ?



ನಾವು ಕನ್ನಡ ಓದಲು ಕಲಿತಿದ್ದೇವೆ. ಮುಧೋಳದ ಬಸ್ಸಿನ ಬೋರ್ಡು ಓದುತ್ತೇವೆ. ಹೆಬ್ಬೆಟ್ಟು ಬಿಟ್ಟು ಸಹಿ ಹಾಕುತ್ತೇವೆ. ಈಗ ನಾಲ್ಕು ಇಂಗ್ಲಿಷ್ ಮಾತು ಕಲಿಯೋಣ.

"ಇಂಗ್ಲಿಷ್ ನಮಗೆಲ್ಲಿ ಬರ್ತದರಿ, ಅಕ್ಕೋರ?" ಎಂದು ನೀವು ಕೇಳುತ್ತೀರಿ. ನಮ್ಮ ತಿಮ್ಮಾಪುರದಲ್ಲಿ ದಿನಾ ಆಡುವ ಮಾತು ಕೇಳಿರಿ:

ಕರೆಂಟು ಬಂತು, ಮೋಟರು ಚಾಲೂ ಮಾಡು.
ಪೈಪು ಒಡದೈತಿ ನೋಡು.
ಕಬ್ಬಿನ ಲೋಡು ಹೋತು. ಎಷ್ಟು ಟನ್ನು ಆತು?
ಬಿಲ್ಲು ಯಾವಾಗ ಬರ್ತದ?

ಕರೆಂಟು, ಮೋಟರು, ಪೈಪು, ಲೋಡು, ಟನ್ನು, ಬಿಲ್ಲು. ಈ ಆರೂ ಇಂಗ್ಲಿಷ್ ಮಾತುಗಳೇ. ಕೊನೆಗೆ ಒಂದು 'ಉ' ಹಚ್ಚಿ ನಾವು ಅವನ್ನು ನಮ್ಮ ಮನೆಯವನ್ನಾಗಿ ಮಾಡಿಕೊಂಡಿದ್ದೇವೆ. ಆ 'ಉ' ತೆಗೆದು ಹೇಳಿರಿ: ಪೈಪ್, ಲೋಡ್, ಟನ್, ಬಿಲ್. ನೋಡಿದಿರಾ? ಇಂಗ್ಲಿಷ್ ನಿಮ್ಮ ಬಾಯಲ್ಲಿ ಆಗಲೇ ಇದೆ.

ಒಂದು ಮತ್ತು ಹಲವು

ಒಂದಕ್ಕಿಂತ ಹೆಚ್ಚು ಇದ್ದರೆ ಕನ್ನಡದಲ್ಲಿ 'ಗಳು' ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಹೆಚ್ಚಾಗಿ 'ಎಸ್' ಎಂಬ ಅಕ್ಷರ ಹಚ್ಚುತ್ತಾರೆ.

ಬುಕ್ (ಪುಸ್ತಕ) – ಬುಕ್ಸ್ (ಪುಸ್ತಕಗಳು)
ಟ್ಯಾಬ್ಲೆಟ್ (ಗುಳಿಗೆ) – ಟ್ಯಾಬ್ಲೆಟ್ಸ್ (ಗುಳಿಗೆಗಳು)

ಮಾತಿನ ಸಾಲು

ನಾನು ನೀರು ಕುಡಿಯುತ್ತೇನೆ.
ಐ ಡ್ರಿಂಕ್ ವಾಟರ್.

'ಐ' ಅಂದರೆ ನಾನು. 'ಡ್ರಿಂಕ್' ಅಂದರೆ ಕುಡಿ. 'ವಾಟರ್' ಅಂದರೆ ನೀರು. ಕನ್ನಡದಲ್ಲಿ ಕೆಲಸ ಹೇಳುವ ಮಾತು ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆ. ಕನ್ನಡದಲ್ಲಿ 'ನೀರು ನಾನು ಕುಡಿಯುತ್ತೇನೆ' ಅಂದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಹಿಂದೆ ಮುಂದೆ ಮಾಡಿದರೆ ನೀರೇ ನಮ್ಮನ್ನು ಕುಡಿದ ಹಾಗೆ ಕೇಳಿಸೀತು! ಅಲ್ಲಿ ಸಾಲು ತಪ್ಪಬಾರದು.

ಇನ್ನೊಂದು ಹೇಳಿರಿ: ಐ ಈಟ್ ರೊಟ್ಟಿ. ನಾನು ರೊಟ್ಟಿ ತಿನ್ನುತ್ತೇನೆ.

ಎರಡು ಸಣ್ಣ ಮಾತು

ಊಟದ ಮೊದಲು – ಬಿಫೋರ್ ಫುಡ್
ಊಟದ ನಂತರ – ಆಫ್ಟರ್ ಫುಡ್

'ಫುಡ್' ಅಂದರೆ ಊಟ. ಕನ್ನಡದಲ್ಲಿ ಮೊದಲು 'ಊಟ' ಅನ್ನುತ್ತೇವೆ. ಇಂಗ್ಲಿಷಿನಲ್ಲಿ 'ಊಟ' ಹಿಂದೆ ಉಳಿಯುತ್ತದೆ. 'ಬಿಫೋರ್', 'ಆಫ್ಟರ್' ಮುಂದೆ ಬರುತ್ತವೆ. ಈ ಮುಂದಿನ ಮಾತನ್ನೇ ನಾವು ಕಿವಿಗೊಟ್ಟು ಕೇಳಬೇಕು.

ಯಾಕೆ? ನಮ್ಮ ವರ್ಗದ ಒಬ್ಬ ಅವ್ವನ ಮಾತು ಕೇಳಿರಿ. ಅವರಿಗೆ ಹೊಟ್ಟೆ ಉರಿ. ಗುಳಿಗೆ ಕೊಟ್ಟವರು "ಬಿಫೋರ್ ಫುಡ್" ಅಂದರು. ಅವ್ವನಿಗೆ 'ಫುಡ್' ಮಾತ್ರ ತಿಳಿಯಿತು. ಎಂಟು ದಿನ ಊಟ ಮಾಡಿದ ಮೇಲೆ ಗುಳಿಗೆ ನುಂಗಿದರು. ಉರಿ ಇಳಿಯಲಿಲ್ಲ. ಒಂದು ಸಂಜೆ ಚೀಟಿಯನ್ನು ವರ್ಗಕ್ಕೆ ತಂದರು. ಎಲ್ಲರೂ ಕೂಡಿ ನೋಡಿದಾಗ ತಪ್ಪು ತಿಳಿಯಿತು.

"ತಿಳಿಲಿಲ್ಲಾಂತ ಕೇಳಾಕ ನಾಚಿಕಿ ಆತರಿ," ಅಂದರು ಅವ್ವ.

ತಪ್ಪು ಅವ್ವನದಲ್ಲ. ನಾವೂ ಅಲ್ಲಿಯವರೆಗೆ ಆ ಮಾತು ಕಲಿಸಿರಲಿಲ್ಲ. ಮರುದಿನ ಅವರು ದವಾಖಾನಿಗೆ ಹೋಗಿ ಸರಿಯಾಗಿ ಕೇಳಿ ಬಂದರು. ಅದಕ್ಕೇ ಈ ಪಾಠ ಬರೆದೆವು.

ಹೊಟ್ಟೆ ಉರಿಯ ಕೆಲವು ಗುಳಿಗೆ ಊಟದ ಮೊದಲು ತಗೊಂಡರೆ ಚೆನ್ನಾಗಿ ಕೆಲಸ ಮಾಡುತ್ತವೆ. ನೋವಿನ ಕೆಲವು ಗುಳಿಗೆ ಬರಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ಕೆಡುತ್ತದೆ. ಒಂದೊಂದು ಗುಳಿಗೆಗೆ ಒಂದೊಂದು ಹೊತ್ತು.

ಚೀಟಿ ಓದೋಣ

ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

ಗುಳಿಗೆಯ ಹಾಳೆಯ ಮೇಲೆ 'ಈ, ಎಕ್ಸ್, ಪಿ' ಎಂಬ ಮೂರು ಅಕ್ಷರ ಹುಡುಕಿರಿ. ಅದರ ಮುಂದೆ ತಿಂಗಳು, ವರ್ಷ ಇರುತ್ತದೆ. 12/2027 ಎಂದಿದ್ದರೆ 2027ನೇ ಇಸವಿಯ ಡಿಸೆಂಬರ್ ತಿಂಗಳು ಮುಗಿಯುವವರೆಗೆ ಆ ಗುಳಿಗೆ ನಡೆಯುತ್ತದೆ. ಆಮೇಲೆ ಬೇಡ.

ಕೇಳಲು ನಾಚಿಕೆ ಬೇಡ

ಫರ್ಡಿನೆಂಡ್ ಕಿಟೆಲ್ ಎಂಬುವರು 1853ರಲ್ಲಿ ಜರ್ಮನಿ ದೇಶದಿಂದ ನಮ್ಮ ನಾಡಿಗೆ ಬಂದರು. ಇಲ್ಲಿ ಇದ್ದು ಕನ್ನಡ ಕಲಿತರು. ಒಂದೊಂದೇ ಮಾತು ಕೂಡಿಸಿದರು. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ಶಬ್ದಕೋಶ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ದೂರದಿಂದ ಬಂದವರು ನಮ್ಮ ಮಾತನ್ನು ಅಷ್ಟು ಕಲಿತರು. ನಾವು ಅವರ ಕಡೆಯ ಎರಡು ಮಾತು ಕೇಳಿ ತಿಳಿದರೆ ನಾಚಿಕೆ ಏನು?

ಮುಂದಿನ ಸಲ ಹೀಗೆ ಕೇಳಿರಿ: "ಬಿಫೋರ್ ಫುಡ್ಡೋ, ಆಫ್ಟರ್ ಫುಡ್ಡೋ ಹೇಳ್ರಿ. ಕನ್ನಡದಾಗ ಇನ್ನೊಮ್ಮೆ ಹೇಳ್ರಿ."

ಅಭ್ಯಾಸ

1. ಗಟ್ಟಿಯಾಗಿ ಹೇಳಿರಿ: ಬಿಫೋರ್, ಆಫ್ಟರ್, ಫುಡ್, ವಾಟರ್, ಟ್ಯಾಬ್ಲೆಟ್.
2. ಬಿಟ್ಟ ಮಾತು ತುಂಬಿರಿ: ಐ ______ ವಾಟರ್. ಐ ______ ರೊಟ್ಟಿ.
3. 'ಆಫ್ಟರ್ ಫುಡ್' ಅಂದರೆ ಏನು? ಬರೆಯಿರಿ.
4. 1-1-1 ಎಂದಿದ್ದರೆ ದಿನಕ್ಕೆ ಎಷ್ಟು ಗುಳಿಗೆ?
5. ನಿಮ್ಮ ಅಡಿಗೆ ಮನೆಯಲ್ಲಿ ಇರುವ ಐದು ಇಂಗ್ಲಿಷ್ ಮಾತು ಹುಡುಕಿ ಬರೆಯಿರಿ.
6. ಮನೆಯಲ್ಲಿರುವ ಒಂದು ಗುಳಿಗೆ ಹಾಳೆಯನ್ನು ಮುಂದಿನ ವರ್ಗಕ್ಕೆ ತನ್ನಿರಿ. ಎಲ್ಲರೂ ಕೂಡಿ ಓದೋಣ.